ಊರ್ಮಾ ಬರುವುದು ನಂಬಲಾಗದು

ನಾನು ಕಥೆಯನ್ನು ಕೊನೆಯ ಪುಟದಿಂದ ಓದುವವಳು. ಯಾರು ಏನಾದರೂ ಅಂದುಕೊಳ್ಳಲಿ. ಬನಹಟ್ಟಿಯ ಮುತ್ತಣ್ಣನವರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೀರೆ ನೋಡುವ ಕೆಲಸ ಮಾಡುತ್ತಿದ್ದೇನೆ. ನೋಡುವುದೆಂದರೆ ಉಡುವವರು ನೋಡಿದಂತಲ್ಲ, ತಪ್ಪು ಹುಡುಕಲು ನೋಡುವುದು. ಪಾವರ್‌ಲೂಮಿನಿಂದ ಬಂದ ಸೀರೆಗಳ ಗಂಟು ಬಿಚ್ಚಿ ಮೊದಲು ಸೆರಗು ನೋಡುತ್ತೇನೆ, ಆಮೇಲೆ ಎರಡೂ ಅಂಚಿನ ದಡಿ. ಎಳೆ ಹರಿದಿದ್ದರೆ, ದಡಿ ಎಳೆದುಕೊಂಡಿದ್ದರೆ, ಅಲ್ಲೇ ಸೀಮೆಸುಣ್ಣದ ಗುರುತು ಹಾಕಿ ಪಕ್ಕಕ್ಕೆ ಒಗೆಯುತ್ತೇನೆ. ನಡುವಿನ ಒಡಲು ಬಲು ಉದ್ದ. ಅದನ್ನು ಪೂರಾ ನೋಡುತ್ತ ಕೂತರೆ ಸಂಜೆಯಾದರೂ ಗಂಟು ಮುಗಿಯುವುದಿಲ್ಲ. ಅದರ ಮೇಲೆ ಅಂಗೈ ಜಾರಿಸಿ ಮುಂದೆ ಹೋಗುತ್ತೇನೆ. ಸೆರಗು ಕೆಡಿಸಿದವನು ಒಡಲನ್ನೂ ಕೆಡಿಸಿಯೇ ಇರುತ್ತಾನೆ ಎಂಬುದು ನನ್ನ ಅಂದಾಜು, ಮತ್ತು ಆ ಅಂದಾಜು ಹೆಚ್ಚಾಗಿ ತಪ್ಪುವುದಿಲ್ಲ.

ಕಥೆಗಳನ್ನೂ ಹಾಗೇ ಓದಿದೆ. ಅದರ ಫಲ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಟ ಆಡುವ ಮನಸ್ಸಿಲ್ಲ. ನನ್ನ ತಂಗಿ ಶೇವಂತಿ ಒಂದು ಕಥೆಯೊಳಗಿಂದ ನನ್ನನ್ನು ಕರೆದಳು. ಕರೆದದ್ದು ನನಗೆ ತಿಳಿಯಲಿಲ್ಲ. ನಾನು ಬರುವುದಿಲ್ಲ ಎಂಬುದು ಮಾತ್ರ ಅವಳಿಗೆ ಅಚ್ಚಾದ ಅಕ್ಷರದಲ್ಲಿ ತಿಳಿಯಿತು, ಕೆಳಗೆ ನನ್ನ ಹೆಸರಿನ ಸಮೇತ.

ಸೀರೆ ನೋಡುವವಳು ವಿಮರ್ಶೆ ಬರೆಯುವುದೇನು ಎಂದು ನಗಬೇಡಿ. ಗಂಡ ತೀರಿಕೊಂಡ ಮೇಲೆ ನನಗೆ ಬನಹಟ್ಟಿಯ ಗ್ರಂಥಾಲಯವೇ ತವರುಮನೆಯಾಯಿತು. ಜಮಖಂಡಿಯಲ್ಲಿ ಬಸವಕುಮಾರ ಸರ್ ಅಂತ ನಿವೃತ್ತ ಮಾಸ್ತರರಿದ್ದಾರೆ. ನಾಲ್ಕು ಮಂದಿ ಓದುಗರನ್ನು ಕೂಡಿಸಿಕೊಂಡು ತಿಂಗಳಿಗೊಂದು ಎಂಟು ಪುಟದ ಪತ್ರಿಕೆ ತೆಗೆಯುತ್ತಾರೆ. ಅದರಲ್ಲಿ ಬಂದ ಒಂದು ಕಥೆಗೆ ನಾನು ಸಿಟ್ಟಿನಿಂದ ಒಂದು ಪತ್ರ ಬರೆದೆ. ಅವರು ಅದನ್ನೇ ಅಚ್ಚು ಹಾಕಿ, "ಮಂಗಲಾಬಾಯಿ, ಪ್ರತಿ ತಿಂಗಳ ಹಿಂಗ ಬೈರಿ, ಮಂದಿ ಓದತಾರ" ಅಂದರು. ಹನ್ನೊಂದು ವರ್ಷದಿಂದ ಬೈಯುತ್ತ ಬಂದಿದ್ದೇನೆ. ನನ್ನ ಕೈಗೆ ಸಿಕ್ಕ ಕಥೆ ಉಳಿಯುವುದಿಲ್ಲ ಎಂದು ಜಮಖಂಡಿ, ಮುಧೋಳದ ಕಥೆಗಾರರು ಹೆದರುತ್ತಾರೆ. ಖರೆ ಹೇಳಬೇಕೆಂದರೆ, ಅವರು ಹೆದರುವುದು ನನಗೆ ಹಿತವಾಗಿಯೇ ಇತ್ತು.

ಈ ವರ್ಷ ಪತ್ರಿಕೆಯಿಂದ ಕಥಾಸ್ಪರ್ಧೆ ಇಟ್ಟರು. ಬರೆದವರ ಹೆಸರು ತೆಗೆದು ಬರೀ ನಂಬರು ಹಾಕಿ ಇಪ್ಪತ್ತಮೂರು ಕಥೆ ನನಗೆ ಕಳಿಸಿದರು. ಮೂವರು ಪರೀಕ್ಷಕರ ಹೆಸರು ಮೊದಲೇ ಪತ್ರಿಕೆಯಲ್ಲಿ ಬಂದಿತ್ತು, ಅವರಲ್ಲಿ ನಾನೂ ಒಬ್ಬಳು. ಅಲ್ಲದೆ ಪ್ರತಿ ಕಥೆಗೂ ನಾಲ್ಕು ಸಾಲಿನ ವಿಮರ್ಶೆ ಬರೆಯಬೇಕು, ಅದು ಬಹುಮಾನಕ್ಕೆ ಮೊದಲೇ ಪತ್ರಿಕೆಯಲ್ಲಿ ಬರುತ್ತದೆ, ತಿದ್ದಿಕೊಳ್ಳುವವರು ತಿದ್ದಿಕೊಂಡು ಮತ್ತೆ ಕಳಿಸಬಹುದು ಎಂದು ಕರಾರು.

ಹದಿನೇಳನೆಯದು ಯುದ್ಧದ ಕಥೆ. ಭೂಮಿಯ ಮೇಲಿನ ಯುದ್ಧವಲ್ಲ, ಆಕಾಶದ್ದು. ಕಪ್ಪು ಸೂರ್ಯನ ಸುತ್ತ ಏಳು ಲೋಕಗಳು, ಐವತ್ತು ವರ್ಷದಿಂದ ಬಡಿದಾಡುತ್ತಿವೆ. ಹಾರುವ ಹಡಗುಗಳು, ಬೆಂಕಿಯ ಬಲೆಗಳು, ಚಂದ್ರನನ್ನೇ ಒಡೆಯುವ ತೋಪುಗಳು. ಅಯ್ಯ, ಇದೇನು ಹುಡುಗರ ಆಟ ಎಂದು ಮೊದಲೇ ಮೂಗು ಮುರಿದೆ. ರೂಢಿಯಂತೆ ಕೊನೆಯ ಪುಟ ತೆಗೆದೆ. ಅಲ್ಲಿ ಊರ್ಮಾ ಎಂಬ ಸೇನಾನಿ ತನ್ನ ಸೈನ್ಯವನ್ನೆಲ್ಲ ಹಿಂದೆ ಬಿಟ್ಟು, ಬೆಂಕಿಯ ನಡುವೆ ಒಬ್ಬಳೇ ಹಡಗು ನಡೆಸಿಕೊಂಡು, ಆರು ವರ್ಷದಿಂದ ವೈರಿಯಾಗಿದ್ದ ತಂಗಿ ಕಿರಾಳ ಹಡಗಿಗೆ ಬಂದು ಮುಟ್ಟುತ್ತಾಳೆ. ಬಾಗಿಲು ತೆರೆಯುತ್ತದೆ. ಅಕ್ಕ ತಂಗಿ ಮುಖ ನೋಡುತ್ತಾರೆ. ಮುಗಿಯಿತು.

ನನಗೆ ಮೈ ಉರಿದುಹೋಯಿತು. ಯಾಕೆ ಉರಿಯಿತೆಂದು ಈಗ ಗೊತ್ತು, ಆಗಲೂ ಒಳಗೊಳಗೆ ಗೊತ್ತಿತ್ತು. ನಾನೂ ಆರು ವರ್ಷದಿಂದ ತಂಗಿಯ ಮುಖ ನೋಡಿರಲಿಲ್ಲ. ನಾನು ಹೋಗಿಲ್ಲ, ಇವಳು ಹೇಗೆ ಹೋದಳು? ಕಥೆಯೊಳಗಿನ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲ ಪುಟ ಓದಿದೆ, ನಡುವಿನ ಒಂಬತ್ತು ಪುಟಗಳ ಮೇಲೆ ಕಣ್ಣು ಜಾರಿಸಿದೆ. ಒಂದು ಕಡೆ ಕಿರಾ ಎರಡು ದಿನಕ್ಕೊಮ್ಮೆ ಒಂದು ಯಂತ್ರಕ್ಕೆ ತೋಳು ಕೊಟ್ಟು ನಾಲ್ಕು ತಾಸು ಮಲಗುತ್ತಾಳೆ, ಅದು ಅವಳ ರಕ್ತ ತೊಳೆದು ಕೊಡುತ್ತದೆ ಎಂದಿತ್ತು. ಅಲ್ಲಿ ಕೆಂಪು ಪೆನ್ನಿನಿಂದ 'ಬೇಡದ ವಿವರ' ಎಂದು ಬರೆದದ್ದು ನೆನಪಿದೆ. ಆಮೇಲೆ ಈ ವಿಮರ್ಶೆ ಬರೆದೆ. ಒಂದಕ್ಷರ ಬಿಡದೆ ನನಗೆ ಬಾಯಿಪಾಠವಾಗಿದೆ:

"ಹದಿನೇಳು. ಹಡಗುಗಳು ಚೆನ್ನಾಗಿ ಹಾರುತ್ತವೆ, ತೋಪುಗಳು ಚೆನ್ನಾಗಿ ಸಿಡಿಯುತ್ತವೆ. ಕೊನೆ ಮಾತ್ರ ಸುಳ್ಳು. ಆರು ವರ್ಷ ತಂಗಿಯ ಮೇಲೆ ಬೆಂಕಿ ಸುರಿದ ಊರ್ಮಾ ಒಂದು ಕರೆ ಬಂದ ಕೂಡಲೇ ಎದ್ದು ಬರುವುದು ನಂಬಲಾಗದು. ಇಂಥ ಅಕ್ಕಂದಿರು ಬರುವುದಿಲ್ಲ. ಬರುವವಳಾಗಿದ್ದರೆ ಯಾವಾಗಲೋ ಬರುತ್ತಿದ್ದಳು. ಬರೆದವರು ಈ ಅಳುಬುರುಕ ಕೊನೆಯನ್ನು ಕಿತ್ತು ಹಾಕಲಿ. — ಮಂಗಲಾ, ಬನಹಟ್ಟಿ."

ಬರೆದು ಮುಗಿಸಿ ಚಹಾ ಕುಡಿದೆ. ಛಲೋ ಬರೆದೆ ಅನಿಸಿತ್ತು.

ಈಗ ಆರು ವರ್ಷದ ಸಿಟ್ಟಿನ ಕಥೆ ಹೇಳಬೇಕು. ನಾವು ಇಬ್ಬರೇ ಮಕ್ಕಳು, ನಾನು ಮತ್ತು ಶೇವಂತಿ. ನನಗಿಂತ ಐದು ವರ್ಷ ಸಣ್ಣವಳು. ಅವಳನ್ನು ಗಲಗಲಿಗೆ ಕೊಟ್ಟಿದ್ದರು, ಅವಳ ಗಂಡ ಪಾಂಡಪ್ಪನದು ಅಲ್ಲಿ ಬಟ್ಟೆ ಅಂಗಡಿ. ನಮ್ಮ ಅವ್ವ ಇಂದ್ರವ್ವ ಕಡೆಗಾಲಕ್ಕೆ ಅವಳ ಮನೆಯಲ್ಲೇ ಇದ್ದಳು. ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದಳು. ಊರು ಖಾಲಿ ಮಾಡಿಸಿ ಎತ್ತರದಲ್ಲಿದ್ದ ಒಂದು ಶಾಲೆಯಲ್ಲಿ ಮಂದಿಯನ್ನು ಇಟ್ಟಿದ್ದರು. ಅಲ್ಲಿ, ಜಮಖಾನದ ಮೇಲೆ ಮಲಗಿದ್ದ ಹಾಗೇ ಅವ್ವ ಹೋದಳು. ನನಗೆ ಫೋನು ಬಂತು. ಜಮಖಂಡಿಯ ತನಕ ಬಂದೆ, ಮುಂದೆ ರಸ್ತೆಯೇ ಇಲ್ಲ, ಎಲ್ಲಿ ನೋಡಿದರೂ ನೀರು. "ನಾ ಬರೂತನಕ ಇಡು, ಅವ್ವನ ಮುಖ ನೋಡಬೇಕು" ಎಂದು ಫೋನಿನಲ್ಲಿ ಅತ್ತು ಹೇಳಿದೆ. ಸುತ್ತು ಹಾಕಿ ಹಾಕಿ ನಾನು ಮುಟ್ಟಿದ್ದು ಎರಡನೆಯ ದಿನ ಸಂಜೆ. ಅವತ್ತು ಮುಂಜಾನೆಯೇ ಮಣ್ಣು ಮಾಡಿಬಿಟ್ಟಿದ್ದರು. ಮಳೆ, ಎರಡು ದಿನದ ಹೆಣ, ಸಣ್ಣ ಮಕ್ಕಳು ತುಂಬಿದ ಸಾಲಿ. ಬುದ್ಧಿಗೆ ಎಲ್ಲ ತಿಳಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಬುದ್ಧಿ ಎಲ್ಲಿರುತ್ತದೆ?

ಅಷ್ಟು ಮಂದಿಯ ಮುಂದೆ, "ಇವತ್ತಿನಿಂದ ನೀ ನನ್ನ ಪಾಲಿಗೆ ಸತ್ತಿ, ನಾ ನಿನ್ನ ಪಾಲಿಗೆ ಸತ್ತೆ" ಎಂದು ಅಂದೆ. ಅವಳು ನನ್ನ ಕಾಲು ಹಿಡಿದಳು. ಬಿಡಿಸಿಕೊಂಡು ಬಂದೆ.

ಊರಿಗೆ ಬಂದು ಫೋನಿನ ನಂಬರು ಬದಲಿಸಿದೆ. ಪಾಂಡಪ್ಪ ಎರಡು ಸಲ ಮನೆಗೆ ಬಂದ, ಬಾಗಿಲು ತೆಗೆಯಲಿಲ್ಲ. ಸಂಬಂಧಿಕರು ಯಾರಾದರೂ ಶೇವಂತಿಯ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದೆ. ಕಡೆಕಡೆಗೆ ಅವರೂ ಸುಮ್ಮನಾದರು. ಅವಳಿಗೆ ಏನಾಗಿದೆ ಎಂದು ನನಗೆ ಹೇಳುವವರೇ ಉಳಿಯಲಿಲ್ಲ, ಉಳಿಸಿಕೊಳ್ಳಲಿಲ್ಲ ನಾನು.

ಪತ್ರಿಕೆ ಬಂದ ಎಂಟೊಂಬತ್ತು ದಿನದ ಮೇಲೆ ಬಸವಕುಮಾರ ಸರ್ ಫೋನು ಮಾಡಿದರು. ಮಂಗಳವಾರ, ಹನ್ನೊಂದು ಗಂಟೆ, ನಾನು ಅಂಗಡಿಯಲ್ಲಿದ್ದೆ.

"ಮಂಗಲಾಬಾಯಿ, ಹದಿನೇಳನೇದಕ್ಕ ನೀವು ನೂರಕ್ಕ ಇಪ್ಪತ್ತು ಕೊಟ್ಟೀರಿ. ಉಳಿದಿಬ್ರು ತೊಂಬತ್ತರ ಮ್ಯಾಲ ಕೊಟ್ಟಾರ. ಇಷ್ಟ ಫರಕ ಯಾಕ?"

"ಕೊನಿ ಸುಳ್ಳ ಐತ್ರಿ. ಬರದೀನಲ್ಲ."

"ಕೊನಿ ಬಿಡ್ರಿ. ಆರನೇ ಪುಟ ಓದೀರೇನು?"

"ಎಲ್ಲಾ ಓದೇನಿ."

"ಖರೆ ಹೇಳ್ರಿ."

ನನಗೆ ರೇಗಿತು. ಸೀರೆ ನೋಡುವವಳಿಗೆ ಸೀರೆ ನೋಡಲು ಕಲಿಸಿದಂತಾಯಿತು. "ಆತ್ರಿ, ಇನ್ನೊಮ್ಮೆ ಓದಿ ಹೇಳ್ತೇನಿ" ಎಂದು ಫೋನು ಕತ್ತರಿಸಿದೆ. ಊಟದ ಹೊತ್ತಿಗೆ ಚೀಲದಿಂದ ಆ ಕಾಗದಗಳನ್ನು ತೆಗೆದು, ಬುತ್ತಿ ಬಿಚ್ಚಿಟ್ಟುಕೊಂಡು, ಬರೀ ಅವರ ಬಾಯಿ ಮುಚ್ಚಿಸಬೇಕೆಂದು ಮೊದಲಿನಿಂದ ಓದತೊಡಗಿದೆ.

ಊರ್ಮಾ ಮತ್ತು ಕಿರಾ ಒಂದೇ ಹಡಗಿನಲ್ಲಿ ಹುಟ್ಟಿದವರು. ಅವರ ತಾಯಿ ಇದ್ದ ಹಡಗು ಒಡೆಯುತ್ತದೆ. ಊರ್ಮಾ ದೂರದಲ್ಲಿದ್ದಾಳೆ, ಬರುವ ದಾರಿಯೆಲ್ಲ ಮುಚ್ಚಿಹೋಗಿದೆ. ಹಡಗಿನೊಳಗೆ ಸಣ್ಣ ಮಕ್ಕಳಿದ್ದಾರೆ, ಕಾಯುವಂತಿಲ್ಲ. ಕಿರಾ ತನ್ನ ಕೈಯಾರೆ ಬಾಗಿಲು ತೆರೆದು ತಾಯಿಯ ದೇಹವನ್ನು ಕತ್ತಲಿಗೆ ಬಿಟ್ಟುಕೊಡುತ್ತಾಳೆ. ಊರ್ಮಾ ಬಂದಾಗ ಏನೂ ಉಳಿದಿರುವುದಿಲ್ಲ.

ನನ್ನ ಕೈಯೊಳಗಿನ ರೊಟ್ಟಿ ಹಾಗೇ ನಿಂತಿತು.

ಆರನೆಯ ಪುಟ. ಯುದ್ಧದ ನಡುವೆ ಒಮ್ಮೆ ಎರಡೂ ಹಡಗು ತೀರಾ ಹತ್ತಿರ ಬರುತ್ತವೆ. ಕಿಟಕಿಯ ಗಾಜಿನಾಚೆ ಅಕ್ಕ ಕಾಣುತ್ತಾಳೆ. ಆಕಾಶದಲ್ಲಿ ಸದ್ದು ಹೋಗುವುದಿಲ್ಲ, ಕೂಗಿದರೆ ಕೇಳುವುದಿಲ್ಲ. ಆಗ ಕಿರಾ ತನ್ನ ಎಡಗಿವಿಯ ತುದಿಯನ್ನು ಹಿಡಿದು ಎರಡು ಸಲ ಜಗ್ಗುತ್ತಾಳೆ, ಆಮೇಲೆ ತೋರುಬೆರಳನ್ನು ಮೂಗಿನ ಮೇಲೆ ಉಜ್ಜುತ್ತಾಳೆ. ಊರ್ಮಾ ಅಷ್ಟರಲ್ಲಿ ಮುಖ ತಿರುಗಿಸಿರುತ್ತಾಳೆ.

ಇದು ಯಾರಿಗೆ ಗೊತ್ತು? ಈ ಲೋಕದಲ್ಲಿ ಇಬ್ಬರಿಗೆ ಗೊತ್ತು. ನಮ್ಮ ತವರಿನಲ್ಲಿ ನಾಲ್ಕು ಪಾವರ್‌ಲೂಮು ಒಂದೇ ಖೋಲಿಯಲ್ಲಿ ಓಡುತ್ತಿದ್ದವು. ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಮಾತು ಕೇಳಿಸದು. ಮಗ್ಗದ ಮನೆಗಳಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ, ನೂಲು ತಾ, ಕರೆಂಟು ಹೋಗುತ್ತದೆ, ಉಣ್ಣಾಕ ಬಾ. ಆದರೆ ನಾನು, ಶೇವಂತಿ ಕಂಡಿಕೆಗೆ ನೂಲು ಸುತ್ತುತ್ತ ಆ ತುದಿ ಈ ತುದಿ ಕೂತು ನಮ್ಮವೇ ಬೇರೆ ಸನ್ನೆ ಮಾಡಿಕೊಂಡಿದ್ದೆವು, ಅವ್ವಗೂ ತಿಳಿಯದಂತೆ. ಎಡಗಿವಿ ಎರಡು ಸಲ ಜಗ್ಗಿದರೆ 'ನಂದು ತಪ್ಪಾತು'. ಮೂಗು ಉಜ್ಜಿದರೆ 'ಸಿಟ್ಟ ಬಿಡು, ಮಾತಾಡಸು'. ಜಗಳ ಮಾಡಿದ ದಿನ ಅವಳು ಅಲ್ಲಿಂದ ಕಿವಿ ಜಗ್ಗಿ ಜಗ್ಗಿ ಕೆಂಪು ಮಾಡಿಕೊಳ್ಳುತ್ತಿದ್ದಳು. ನಾನು ಬೇಕಂತಲೇ ನೋಡದಂತೆ ಕೂರುತ್ತಿದ್ದೆ.

ಮುಂದಿನ ಪುಟ ತಿರುವಿದೆ. ಕಿರಾ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದಾಳೆ. ನಾಲ್ಕು ತಾಸು. ಅವಳ ಪಕ್ಕದಲ್ಲಿ ಮಗಳು ಕೂತಿದ್ದಾಳೆ. 'ಅಕ್ಕನಿಗೆ ಸುದ್ದಿ ಕಳಿಸು. ಉತ್ತರ ಬರುವ ತನಕ ಈ ಯಂತ್ರ ತಾಳಿಕೊಳ್ಳುತ್ತೇನೆ' ಎನ್ನುತ್ತಾಳೆ ಕಿರಾ. ಅದರ ಪಕ್ಕದಲ್ಲೇ ನನ್ನ ಕೆಂಪು ಅಕ್ಷರ: ಬೇಡದ ವಿವರ.

ದೇವರೇ, ಇದೊಂದು ಕಟ್ಟುಕಥೆ ಇರಲಿ ಎಂದುಕೊಂಡೆ. ಉಳಿದದ್ದೆಲ್ಲ ಖರೆ ಇರಲಿ, ಈ ಯಂತ್ರ ಒಂದು ಸುಳ್ಳಿರಲಿ.

ಬಸವಕುಮಾರ ಸರ್‌ಗೆ ಫೋನು ಹಚ್ಚಿದೆ. "ಹದಿನೇಳನೇದು ಬರದವರು ಯಾರ್ರಿ?"

"ಈಗ ಹೇಳಾಕ ಬರೂದಿಲ್ಲರಿ, ನಿಯಮ ಐತಿ."

"ನಿಯಮ ಹಾಳಾಗಿ ಹೋಗ್ಲಿ, ಗಲಗಲಿಯವರೇನು?"

"ಹೌದ್ರಿ. ಸ್ನೇಹಾ ಅಂತ, ನಮ್ಮ ಜಮಖಂಡಿ ಕಾಲೇಜಿನಾಗ ಬಿ.ಎಸ್ಸಿ. ಓದತಾಳ. ಯಾಕ್ರಿ, ಗುರ್ತಿನವರೇನು?"

ಸ್ನೇಹಾ ನನ್ನ ತಂಗಿಯ ಮಗಳು. ನಾನು ಕಡೆಯ ಸಲ ನೋಡಿದಾಗ ಹದಿಮೂರು ವರ್ಷದವಳು, ಆ ಸಾಲಿಯ ಬಾಗಿಲಲ್ಲಿ ನಿಂತು ನಾನು ಅವಳ ಅವ್ವನನ್ನು ಬೈಯುವುದನ್ನು ಕೇಳಿಸಿಕೊಳ್ಳುತ್ತಿದ್ದಳು.

ಸೀರೆ ಬಿಟ್ಟು ಎದ್ದೆ. ಮುತ್ತಣ್ಣನವರು, "ಅಕ್ಕಾರ, ಇವತ್ತ ಮಾಲು ಕಳಸೂದೈತಿ" ಅಂದರು. "ನನ್ನ ತಂಗಿ ಕರದಾಳ್ರಿ" ಅಂದೆ. ನನಗೊಬ್ಬ ತಂಗಿ ಇದ್ದಾಳೆಂದು ಅವರಿಗೆ ಗೊತ್ತೇ ಇರಲಿಲ್ಲ, ಪಾಪ, ಪಿಳಿಪಿಳಿ ನೋಡಿದರು.

ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಜಮಖಂಡಿಗೆ. ಜಮಖಂಡಿಯಲ್ಲಿ ಗಲಗಲಿಯ ಬಸ್ಸು ಮುಕ್ಕಾಲು ತಾಸು ತಡ. ಆ ಮುಕ್ಕಾಲು ತಾಸು ನಾನು ಕೂರಲಿಲ್ಲ. ಸರ್ ಆಮೇಲೆ ಕಳಿಸಿದ ಸ್ನೇಹಾಳ ನಂಬರು ಫೋನಿನಲ್ಲಿತ್ತು. ಒತ್ತಲು ಹೋಗಿ ಮೂರು ಸಲ ಬಿಟ್ಟೆ. ಏನಂತ ಮಾತು ಶುರು ಮಾಡಲಿ? ನಾನು ನಿನ್ನ ದೊಡ್ಡವ್ವ, ನಿನ್ನ ಕಥೆ ಸುಳ್ಳು ಎಂದು ಬರೆದವಳು? ಮುಖಾಮುಖಿ ಹೋಗಿ ಕಾಲು ಹಿಡಿಯುತ್ತೇನೆ, ಅದೇ ಚಂದ ಎಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಶೇವಂತಿ ಏನನ್ನುತ್ತಾಳೆ, ನಾನು ಏನನ್ನಬೇಕು ಎಂದು ಬಾಯೊಳಗೇ ಆಡಿಕೊಂಡೆ. ಮೊದಲು ಬೈಯುತ್ತಾಳೆ, ಬೈಯಲಿ. ಎರಡೂ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಬಸ್ಸು ಹೆಜ್ಜೆಹೆಜ್ಜೆಗೆ ನಿಲ್ಲುತ್ತಿತ್ತು. ಡ್ರೈವರನಿಗೆ ಎದ್ದು ಹೋಗಿ, "ಏ ತಮ್ಮಾ, ಕಾಲಾಗ ಜೀವ ಇಲ್ಲೇನು ನಿಂಗ?" ಎಂದು ಜೋರು ಮಾಡಿದೆ. "ಕುಂದ್ರಬೇ ಆಯಿ" ಅಂದ ಅವನು.

ಗಲಗಲಿಯಲ್ಲಿ ಇಳಿದಾಗ ನಾಲ್ಕಾಗಿತ್ತು. ಪಾಂಡಪ್ಪನ ಅಂಗಡಿಯ ಬಾಗಿಲು ಮುಚ್ಚಿತ್ತು. ಅದರ ಹಿಂದೆಯೇ ಮನೆ. ಅಂಗಳದಲ್ಲಿ ಹತ್ತಾರು ಜೋಡಿ ಚಪ್ಪಲಿ. ಅಷ್ಟು ಚಪ್ಪಲಿ ಸುಮ್ಮನೆ ಯಾರ ಮನೆಯ ಮುಂದೆಯೂ ಇರುವುದಿಲ್ಲ.

ಇದ್ದಳು. ಇನ್ನೂ ಇದ್ದಳು. ನಡುಮನೆಯ ಮಂಚದ ಮೇಲೆ ಮಲಗಿಸಿದ್ದರು. ಮುಖ ಬಾತುಹೋಗಿತ್ತು, ಕೈಕಾಲು ಬಾತುಹೋಗಿದ್ದವು, ಗಂಟಲಲ್ಲಿ ಗೊರಗೊರ ಸದ್ದು. ನನ್ನ ಸಣ್ಣ ಶೇವಂತಿಯನ್ನು ನಾನು ಗುರುತು ಹಿಡಿಯಲಿಲ್ಲ. ಹಣೆಯ ಮೇಲಿನ ಹಳೆಯ ಗಾಯದ ಕಲೆಯಿಂದ ಹಿಡಿದೆ.

ಪಾಂಡಪ್ಪ ಎದ್ದು ಬಂದ. ಬೈಯುತ್ತಾನೆಂದುಕೊಂಡೆ. "ಬರ್ರಿ ಮಂಗಲಕ್ಕ" ಅಂದ, ಅಷ್ಟೇ.

"ಏನಾಗೇತ್ರಿ ಆಕಿಗೆ?"

"ಸಕ್ಕರಿ ಕಾಯ್ಲೆ ಇತ್ತು. ಎರಡೂ ಕಿಡ್ನಿ ಹ್ವಾದವು. ಎದಿನೂ ಸೋತಿತ್ತು, ಕಿಡ್ನಿ ಬದಲ ಮಾಡಾಕ ಬರೂದಿಲ್ಲ ಅಂದ್ರು. ವಾರಕ್ಕ ಮೂರು ಸಲ ಮುಧೋಳಕ್ಕ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡ ಬರ್ತಿದ್ದಿವಿ. ಒಂದೂವರಿ ವರ್ಷ ಆತು."

"ಈಗೇನು ಒಮ್ಮಿಗೇ ಹಿಂಗ?"

ಅವನು ನನ್ನ ಮುಖ ನೋಡಲಿಲ್ಲ. "ಹ್ವಾದ ವಾರದಿಂದ ಬರೂದಿಲ್ಲ ಅಂತ ಹಟ ಹಿಡದ್ಳು. ಎಷ್ಟು ಕೈಮುಗದ್ವಿ. 'ಸಾಕಾಗೇತಿ, ಉತ್ತರ ಬಂತು, ಇನ್ನ ಯಾಕ ತೋಳು ಚುಚ್ಚಿಸಿಕೊಳ್ಳೂದು' ಅಂದ್ಳು. ಎಚ್ಚರ ತಪ್ಪಿದ ಮ್ಯಾಲ ಎತ್ತಿಕೊಂಡ ಹೋಗಿದ್ವಿ. ತಡಾ ಆತು, ಮನಿಗೆ ಕರಕೊಂಡ ಹೋಗ್ರಿ ಅಂದ್ರು."

ಉತ್ತರ ಬಂತು. ನಾಲ್ಕು ಸಾಲು, ಕೆಳಗೆ ಹೆಸರು ಮತ್ತು ಊರು.

ಸ್ನೇಹಾ ತಾಯಿಯ ತಲೆಯ ಹತ್ತಿರ ಕೂತಿದ್ದಳು. ಸಪೂರ ಹುಡುಗಿ, ಥೇಟ್ ನಮ್ಮ ಅವ್ವನ ಮೂಗು. ಸರಿದು ನನಗೆ ಜಾಗ ಬಿಟ್ಟಳು. ಮಂಚಕ್ಕೆ ಆತು ಕೂತು ಶೇವಂತಿಯ ಕಿವಿಗೆ ಬಾಯಿ ಹಚ್ಚಿದೆ. "ಶೇವಂತೀ, ನಾ ಬಂದೇನ್ಬೇ. ಅಕ್ಕ ಬಂದೇನಿ. ಕಣ್ಣ ತಗಿ." ಗೊರಗೊರ ಸದ್ದು ನಡೆದೇ ಇತ್ತು. ಜೋರಾಗಿ ಅಂದೆ. ಮಂದಿ ಅತ್ತಿತ್ತ ನೋಡಿದರು. ಅವಳ ರೆಪ್ಪೆ ಎತ್ತಿ, ಕಣ್ಣಿನ ಮುಂದೆ ನನ್ನ ಕಿವಿ ಜಗ್ಗಿದೆ, ಎರಡು ಸಲ, ನಾಲ್ಕು ಸಲ, ನೋವಾಗುವ ತನಕ. ಕಣ್ಣುಗುಡ್ಡೆ ಎಲ್ಲೋ ಮೇಲೆ ಸೇರಿತ್ತು. ಮುದುಕಿಯೊಬ್ಬಳು ನನ್ನ ತೋಳು ಹಿಡಿದು, "ಬಿಡವ್ವ, ಆಕಿಗೆ ತಿಳಿಯೂದಿಲ್ಲ" ಅಂದಳು. "ನಿಂಗೇನ ಗೊತ್ತು?" ಎಂದು ಅವಳ ಮೇಲೆ ಹರಿಹಾಯ್ದೆ. ಆಮೇಲೆ ತಂಗಿಯ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡು ಕೂತೆ. ಆ ಕೈ ಬೆಚ್ಚಗಿತ್ತು. ಅದೊಂದು ಆಸೆ.

ದೀಪ ಹಚ್ಚುವ ಹೊತ್ತಿಗೆ ಗಂಟಲಿನ ಸದ್ದು ನಿಂತಿತು. ಎಲ್ಲರೂ ಒಮ್ಮೆಗೇ ಅತ್ತರು. ನಾನು ಅಳಲಿಲ್ಲ, ನನಗೆ ಅಳುವ ಹಕ್ಕಿಲ್ಲ ಅನಿಸಿತು.

ಮರುದಿನ ಮಣ್ಣು ಮಾಡಿದರು. ನಾನು ಬನಹಟ್ಟಿಗೆ ಹೋಗಲಿಲ್ಲ, ಗಲಗಲಿಯಲ್ಲೇ ಉಳಿದೆ. ಯಾರೂ ಇರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಬಂದವರಿಗೆ ಚಹಾ ಮಾಡಿದೆ, ಪಾತ್ರೆ ತಿಕ್ಕಿದೆ, ಅಂಗಳ ಕಸ ಹೊಡೆದೆ. ಸ್ನೇಹಾ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ದೊಡ್ಡವ್ವ, ಸಕ್ಕರಿ ಡಬ್ಬಿ ಅಲ್ಲೈತಿ. ದೊಡ್ಡವ್ವ, ನೀರು ಬಂದಾವು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಬಸವಕುಮಾರ ಸರ್ ಫೋನು ಬಂತು. ಏನಾಗಿದೆಯೆಂದು ಅವರಿಗೆ ಯಾರೋ ಹೇಳಿದ್ದರು, ಮಾತಾಡಲು ತಡವರಿಸಿದರು. "ಆ ಹುಡುಗಿ ಕಥಿ ತಿದ್ದಿ ಕಳಸ್ಯಾಳ್ರಿ, ನಿಮ್ಮ ವಿಮರ್ಶಾ ಬಂದ ಎರಡ ದಿನಕ್ಕ. ನಾನಽ ನಿಮಗ ಹೇಳಿರಲಿಲ್ಲ. ಬಹುಮಾನ ಅದಕ್ಕ ಬಂದೈತಿ. ಮೊದಲಿಂದು ಹಾಕೂಣೋ, ತಿದ್ದಿದ್ದು ಹಾಕೂಣೋ? ನಿಮ್ಮನ್ನ ಕೇಳದ ಹಾಕಾಕ ಮನಸ್ಸಾಗವಲ್ದು."

"ತಿದ್ದಿದ್ದರಾಗ ಏನ ಮಾಡ್ಯಾಳ್ರಿ?"

"ಊರ್ಮಾ ಬರೂದಿಲ್ಲ. ಕಿರಾ ಯಂತ್ರದಿಂದ ತೋಳು ಬಿಡಿಸಿಕೋತಾಳ."

ಫೋನು ಹಿಡಿದುಕೊಂಡೇ ಹೊರಗೆ ಬಂದೆ. ಸ್ನೇಹಾ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. "ಸರ್, ಆಮ್ಯಾಲ ಹೇಳ್ತೇನ್ರಿ" ಎಂದು ಕತ್ತರಿಸಿ ಅವಳ ಪಕ್ಕದಲ್ಲಿ ಕೂತೆ.

"ಸ್ನೇಹಾ, ಆ ಕಥಿ ತಿದ್ದಿದ್ದು ಅವ್ವಗ ಓದಿ ಹೇಳಿದ್ದೇನು?"

"ಹ್ಞೂಂರಿ. ಅವ್ವನಽ ತಿದ್ದ ಅಂದ್ಳು. 'ಅಕ್ಕ ಹಿಂಗಲ್ಲ ಅಂತ ಬರದಾಳ, ಆಕಿಗೆ ಗೊತ್ತಿರತೈತಿ, ಆಕಿ ಹೇಳಿದಂಗ ಮಾಡು' ಅಂದ್ಳು. ನಾ ಓದಿ ಹೇಳಿದ್ದೆ. 'ಈಗ ಸರಿ ಆತು' ಅಂದ್ಳು."

"ನಿನ್ನ ಮ್ಯಾಲ ಆಣಿ, ನಂಗ ಗೊತ್ತಿರಲಿಲ್ಲ ಬೇ. ನಾ ನಡುವಿಂದು ಓದಿರಲಿಲ್ಲ."

"ಹೌದ್ರಿ?" ಅಂದಳು. ಆ ಒಂದು ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ಬೆರಗು. "ಅವ್ವ ಹೇಳಿದ್ಳ್ರಿ, ಅಕ್ಕ ಒಂದೆಳಿ ಸಹ ಬಿಡೂದಿಲ್ಲ, ಎಲ್ಲಾ ನೋಡ್ತಾಳ, ಅಂತ. ಅದಕ್ಕ ಆ ಸನ್ನಿ ನಡುವ ಇಟ್ಟಿದ್ವಿ."

ಇದನ್ನು ಕೇಳಿ ನಾನು ಅಲ್ಲೇ ಸತ್ತುಹೋಗಬೇಕಿತ್ತು. ಮನುಷ್ಯರು ಹಾಗೆ ಸಾಯುವುದಿಲ್ಲ.

ಅವಳ ಕೈ ಹಿಡಿದುಕೊಂಡೆ. "ಕೇಳಿಲ್ಲೆ. ಆ ಕೊನಿ ತಗದಬಿಡು. ಮೊದಲಿಂದಽ ಇಡು. ನಾನಽ ಪತ್ರಿಕೆಯಾಗ ಬರೀತೇನಿ, ನಂದು ತಪ್ಪಾತು, ಊರ್ಮಾ ಬರ್ತಾಳ ಅಂತ. ಬಂದೇನಲ್ಲ ನಾ? ಬಸ್ ಹಿಡದು, ಕೆಲಸಾ ಬಿಟ್ಟು, ಬಂದೇನೋ ಇಲ್ಲೋ? ನೀನಽ ನೋಡಿದಿ."

"ನೋಡೇನ್ರಿ."

"ಮತ್ತ?"

ಸ್ನೇಹಾ ನನ್ನ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ, ನನಗೆ ನೋವಾಗದಂತೆ ಹೇಳಲು ಮಾತು ಹುಡುಕುತ್ತಿದ್ದಳು.

"ನೀವು ಬಂದೀರಿ ದೊಡ್ಡವ್ವ. ನನಗ ಗೊತ್ತೈತಿ, ಅಪ್ಪಗ ಗೊತ್ತೈತಿ. ಆದ್ರ ಕಥಿ ಕಿರಾಂದು. ಆಕಿಗೆ ಗೊತ್ತಾಗಲಿಲ್ಲ."

ಹನ್ನೊಂದು ವರ್ಷ ಮಂದಿಯ ಕಥೆಗಳಲ್ಲಿ ತಪ್ಪು ಹುಡುಕಿದವಳು ನಾನು. ಆ ಮಾತಿನಲ್ಲಿ ಒಂದು ತಪ್ಪು ಸಿಕ್ಕಿದ್ದರೆ ಎಂದು ಎಷ್ಟು ಹುಡುಕಿದೆ. ಒಳಗಿಂದ ಯಾರೋ ಕರೆದರು, ಅವಳು ಎದ್ದು ಹೋದಳು.

ನಾನು ಮೆಟ್ಟಿಲ ಮೇಲೆ ಕೂತೇ ಬಸವಕುಮಾರ ಸರ್‌ಗೆ ಫೋನು ಮಾಡಿದೆ. ತಿದ್ದಿದ್ದನ್ನೇ ಹಾಕಿ ಅಂದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಾಗಲಿಲ್ಲವೋ, "ಯಾವ್ದರಿ, ಊರ್ಮಾ ಬರೂದೇನ್ರಿ?" ಎಂದು ಮತ್ತೆ ಕೇಳಿದರು.

"ಇಲ್ರಿ ಸರ್" ಅಂದೆ. "ಊರ್ಮಾ ಬರೂದಿಲ್ಲ."